ಕಾರ್ಪೊರೇಟರ್ ಇಲ್ಲದ ಬೆಂಗಳೂರು: ನಿಮಗೇನಾದರೂ ವ್ಯತ್ಯಾಸ ಗೊತ್ತಾಯಿತಾ?

ಮೂಲೆಮನೆ
ಮೊನ್ನೆ ಖಾತಾ ಕಾಗದ ಹುಡುಕುತ್ತಿದ್ದೆ. ಹಳೇ ಫೈಲಿನಿಂದ ಒಂದು ಮತದಾರರ ಚೀಟಿ ಜಾರಿ ಬಿತ್ತು. ತಾರೀಖು 22 ಆಗಸ್ಟ್ 2015. ಮುಂದೆ ವಾರ್ಡ್ ನಂಬರು, ಕ್ರಮ ಸಂಖ್ಯೆ. ಹಿಂದೆ ಹೆಂಡತಿ ಪೆನ್ಸಿಲ್‌ನಲ್ಲಿ ಬರೆದ ಹಾಲಿನ ಲೆಕ್ಕ. ಬೆಂಗಳೂರಲ್ಲಿ ಪಾಲಿಕೆಗೆ ನಾವು ವೋಟು ಹಾಕಿದ್ದು ಅದೇ ಕೊನೆ ಅಲ್ವಾ? ಆ ಕೌನ್ಸಿಲ್ ಅವಧಿ ಸೆಪ್ಟೆಂಬರ್ 2020ಕ್ಕೆ ಮುಗಿಯಿತು. ಆಮೇಲೆ ಆಡಳಿತಾಧಿಕಾರಿ, ಅವರ ನಂತರ ಇನ್ನೊಬ್ಬ ಆಡಳಿತಾಧಿಕಾರಿ. ಈಗ ಬಿಬಿಎಂಪಿ ಅನ್ನೋದೇ ಇಲ್ಲ, ಐದು ಪಾಲಿಕೆ ಆಗಿವೆ. ಚುನಾವಣೆ ಈ ಸಲ ಆಗೇ ಆಗುತ್ತೆ ಅಂತಾರೆ, ಪ್ರತಿ ಸಲವೂ ಹಾಗೇ ಅಂದಿದ್ದರು ಬಿಡಿ.

ನನ್ನ ಪ್ರಶ್ನೆ ಎರಡು. ಒಂದು, ಇಷ್ಟು ವರ್ಷ ಕಾರ್ಪೊರೇಟರ್ ಇಲ್ಲದೇ ನಿಮ್ಮ ಬೀದಿಗೆ ಏನಾದರೂ ವ್ಯತ್ಯಾಸ ಆಯಿತಾ, ನಿಜವಾಗಿ ಹೇಳಿ. ಎರಡು, ಮೇಯರನ್ನು ನಾವೇ ನೇರವಾಗಿ ಆರಿಸಬೇಕಾ?

ಸೊನ್ನೆವೋಟು
ನನಗೆ 27. ಹುಟ್ಟಿದ್ದು, ಬೆಳೆದದ್ದು ಎಲ್ಲಾ ಇಲ್ಲೇ. ಲೋಕಸಭೆಗೆ ಹಾಕಿದ್ದೇನೆ, ವಿಧಾನಸಭೆಗೆ ಹಾಕಿದ್ದೇನೆ. ಕಾರ್ಪೊರೇಷನ್‌ಗೆ ಒಂದು ಸಲವೂ ಇಲ್ಲ.

ಕಹಿಬೇವು
ಏನೂ ವ್ಯತ್ಯಾಸ ಆಗಿಲ್ಲ. ನಿಜ ಹೇಳಬೇಕು ಅಂದರೆ ನೆಮ್ಮದಿಯಾಗಿದೆ. ಮುಂಚೆ ಮನೆ ಮುಂದೆ ಒಂದು ಲೋಡು ಮರಳು ಬಿದ್ದರೆ ಸಾಕು, ಸಂಜೆಯೊಳಗೆ ಯಾರೋ ಒಬ್ಬ ಬಂದು "ಅಣ್ಣಾವ್ರು ಕೇಳ್ತಾ ಇದ್ರು" ಅನ್ನುತ್ತಿದ್ದ. ಮೋರಿ ಕೆಲಸ ಬಾಮೈದನಿಗೆ, ಬೀದಿ ದೀಪದ ಗುತ್ತಿಗೆ ಷಡ್ಡಕನಿಗೆ. ಈಗ ಆ ಕಾಟ ಒಂದು ಕಡಿಮೆ. ಚುನಾವಣೆ ಬರಲಿ ಅಂತ ಯಾಕೆ ಇಷ್ಟು ಆಸೆ ಪಡುತ್ತೀರೋ!

ಕಿಟಕಿಸೀಟು
@ಕಹಿಬೇವು ಮರಳಿನ ಲೋಡಿಗೆ ಈಗ ಯಾರೂ ಬರಲ್ಲ ಅಂತೀರಾ? ನಮ್ಮ ಕಡೆ ಇಬ್ಬರು ಬರುತ್ತಾರೆ. ವ್ಯತ್ಯಾಸ ಇಷ್ಟೇ, ಅವರಿಗೆ ನಾವು ವೋಟು ಹಾಕಿಲ್ಲ.

ಅಜ್ಜಿಮೊಮ್ಮಗ
ಒಂದು ಕಥೆ ಹೇಳುತ್ತೇನೆ. ನಮ್ಮ ಹಳೇ ಕಾರ್ಪೊರೇಟರ್ ಮನೆ ಮುಂದೆ ಬೆಳಿಗ್ಗೆ ಆರೂವರೆಗೇ ಚಪ್ಪಲಿ ಸಾಲು. ಕಾಂಪೌಂಡಿನೊಳಗೆ ಕೆಂಪು ಪ್ಲಾಸ್ಟಿಕ್ ಕುರ್ಚಿಗಳು, ಒಂದರ ಕಾಲು ಮುರಿದಿತ್ತು, ಅದರಲ್ಲಿ ಯಾರೂ ಕೂರುತ್ತಿರಲಿಲ್ಲ, ಹೊಸಬರು ಮಾತ್ರ ಕೂತು ಬೀಳುತ್ತಿದ್ದರು. ಆ ಮನುಷ್ಯ ಪ್ರಾಮಾಣಿಕ ಅಂತ ನಾನು ಆಣೆ ಮಾಡಲ್ಲ. ಆದರೆ ನಮ್ಮ ಅಜ್ಜಿ ಕೈಯಲ್ಲಿ ಪಿಂಚಣಿ ಕಾಗದ ಹಿಡಿದು ಹೋಗಿ, ಅವನ ಮುಖಕ್ಕೆ ನೇರವಾಗಿ "ನಿಂಗೆ ವೋಟ್ ಹಾಕಿದ್ದು ದಂಡ ಕಣೋ" ಅಂದು ಬಂದಳು. ಅವನು ನಕ್ಕ. ಮೂರನೇ ದಿನ ಹುಡುಗ ಮನೆಗೆ ಬಂದು ಕಾಗದ ತಗೊಂಡು ಹೋದ.

ಹೋದ ವರ್ಷ ಇನ್ನೊಂದು ಕೆಲಸಕ್ಕೆ ಒಂದು ಕಚೇರಿಗೆ ಹೋದೆ (ಯಾವುದು ಅಂತ ಹೇಳಲ್ಲ). ಮೂರು ಸಲ ಹೋದೆ, ಮೂರೂ ಸಲ "ಸಾಹೇಬ್ರು ಮೀಟಿಂಗಲ್ಲಿ". ಆ ಸಾಹೇಬರ ಮುಖ ನಾನು ಇವತ್ತಿಗೂ ನೋಡಿಲ್ಲ. ಬೈಯೋಣ ಅಂದರೆ ಯಾರನ್ನು ಬೈಯೋದು?

ಸಂಜೆವಾಕಿಂಗ್
ಇದೇ ಪಾಯಿಂಟ್. ಬೈಯೋಕೆ ಒಬ್ಬ ಮನುಷ್ಯ ಬೇಕು.

ಕಹಿಬೇವು
ಬೈಯೋಕೆ ನಮ್ಮ ಎಂಎಲ್‌ಎ ಇದ್ದಾರಲ್ಲ.

ಕಿಟಕಿಸೀಟು
ಎಂಎಲ್‌ಎ ಕಾನೂನು ಮಾಡಬೇಕಾದವರು ಸ್ವಾಮಿ. ನಮ್ಮ ಬೀದಿ ಗುಂಡಿಗೆ ಅವರ ಮನೆ ಬಾಗಿಲು ತಟ್ಟೋದು ಅಂದರೆ ನೆಗಡಿಗೆ ಹಾರ್ಟ್ ಡಾಕ್ಟರ್ ಹತ್ತಿರ ಹೋದಂಗೆ.

ಮೂರನೇಮಹಡಿ
ಅದೇ ತಮಾಷೆ. ಯಾವ ಪಕ್ಷದ ಸರ್ಕಾರ ಇದ್ದರೂ ಪಾಲಿಕೆ ಚುನಾವಣೆಗೆ ಅವಸರ ಇರಲ್ಲ. ಕಾರ್ಪೊರೇಟರ್ ಇಲ್ಲದಿದ್ದರೆ ವಾರ್ಡಿನ ದುಡ್ಡು, ಗುದ್ದಲಿಪೂಜೆ, ಕಲ್ಲಿನ ಮೇಲಿನ ಹೆಸರು ಎಲ್ಲಾ ಶಾಸಕರದ್ದೇ. ಜೊತೆಗೆ ಇವತ್ತಿನ ಕಾರ್ಪೊರೇಟರ್ ನಾಳೆ ಅವರ ಟಿಕೆಟ್‌ಗೇ ಕೈ ಹಾಕುವವನು. ಯಾಕೆ ಬೆಳೆಸುತ್ತಾರೆ ಹೇಳಿ?

ಗಿಣಿಶಾಸ್ತ್ರ
2015ರಲ್ಲಿ ಕಾಂಗ್ರೆಸ್ ಗೆದ್ದು ಮೇಯರ್ ಮಾಡಿಕೊಂಡಿತು. 2020ರಲ್ಲಿ ಬಿಜೆಪಿ ಸರ್ಕಾರ, ಸೋಲುತ್ತೇವೆ ಅಂತ ಚುನಾವಣೆ ಮಾಡಲಿಲ್ಲ. ಸಿಂಪಲ್.

ಲೆಕ್ಕದಮೇಷ್ಟ್ರು
@ಗಿಣಿಶಾಸ್ತ್ರ ತಪ್ಪು. 2015ರಲ್ಲಿ 198 ವಾರ್ಡಿಗೆ ಬಿಜೆಪಿ 100, ಕಾಂಗ್ರೆಸ್ 76, ಜೆಡಿಎಸ್ 14, ಪಕ್ಷೇತರರು ಮತ್ತು ಇತರರು 8. ಅಂದರೆ ವಾರ್ಡ್ ಲೆಕ್ಕದಲ್ಲಿ ಬಿಜೆಪಿಗೇ ಬಹುಮತ. ಮೇಯರ್ ಆದವರು ಮಾತ್ರ ಕಾಂಗ್ರೆಸ್‌ನ ಮಂಜುನಾಥ ರೆಡ್ಡಿ. ಹೇಗೆ? ಮೇಯರ್ ಚುನಾವಣೆಯಲ್ಲಿ ಕಾರ್ಪೊರೇಟರ್‌ಗಳ ಜೊತೆಗೆ ನಗರದ ಎಂಎಲ್‌ಎ, ಎಂಎಲ್‌ಸಿ, ಎಂಪಿಗಳೂ ಕೈ ಎತ್ತುತ್ತಾರೆ. ಒಟ್ಟು ಮತ ಸುಮಾರು 260. ಕಾಂಗ್ರೆಸ್, ಜೆಡಿಎಸ್, ಪಕ್ಷೇತರರು ಸೇರಿದರು, ಲೆಕ್ಕ ತಿರುಗಿತು. ಆ ಪಕ್ಷೇತರರನ್ನು ಕೇರಳದ ರೆಸಾರ್ಟಿಗೆ ಕರೆದುಕೊಂಡು ಹೋಗಿದ್ದು ಪೇಪರಲ್ಲೆಲ್ಲ ಬಂದಿತ್ತು.

ಇನ್ನು 2020ರ ವಿಷಯ. ಸಂವಿಧಾನದ 243ಯು ವಿಧಿ ಸ್ಪಷ್ಟವಾಗಿದೆ: ಐದು ವರ್ಷ, ಅದು ಮುಗಿಯುವುದರೊಳಗೆ ಚುನಾವಣೆ. ತಪ್ಪಿಸಿದ್ದು ಒಂದೇ ಪಕ್ಷ ಅಲ್ಲ. ಮೊದಲು ವಾರ್ಡ್ 198ರಿಂದ 243 ಮಾಡಿದರು. ಸರ್ಕಾರ ಬದಲಾಯಿತು, 225 ಮಾಡಿದರು. ಆಮೇಲೆ ಕಾನೂನೇ ಹೊಸದು, ಐದು ಪಾಲಿಕೆ, ಎಲ್ಲಾ ಸೇರಿ 369 ವಾರ್ಡ್. ಪ್ರತಿ ಸಲ ಗಡಿ ಹೊಸದು, ಮೀಸಲಾತಿ ಪಟ್ಟಿ ಹೊಸದು, ಆಕ್ಷೇಪಣೆ ಹೊಸದು, ಕೋರ್ಟ್ ಕೇಸು ಹೊಸದು. ಚುನಾವಣೆ ಮಾತ್ರ ಹಳೇದು.

ಗಿಣಿಶಾಸ್ತ್ರ
ಸರಿ ಮೇಷ್ಟ್ರೇ, ಕಿವಿ ಹಿಡಿದುಕೊಂಡೆ.

ಲೆಕ್ಕದಮೇಷ್ಟ್ರು
ಇನ್ನೊಂದು ಮರೆತೆ. ಇದು ಮೊದಲನೇ ಸಲವೂ ಅಲ್ಲ. ಹಳೇ ಮಹಾನಗರ ಪಾಲಿಕೆಯ 100 ವಾರ್ಡಿನ ಕೌನ್ಸಿಲ್ 2006ರ ಕೊನೆಗೆ ಮುಗಿಯಿತು. 2007ರಲ್ಲಿ ಸುತ್ತಲಿನ ಏಳು ನಗರಸಭೆ, ಒಂದು ಪುರಸಭೆ, ನೂರಕ್ಕೂ ಜಾಸ್ತಿ ಹಳ್ಳಿ ಸೇರಿಸಿ ಬಿಬಿಎಂಪಿ ಮಾಡಿದರು. ಚುನಾವಣೆ ಆಗಿದ್ದು ಮಾರ್ಚ್ 2010ಕ್ಕೆ. ಊರು ಸೇರಿಸಿದಾಗಲೂ ತಡ, ಊರು ಒಡೆದಾಗಲೂ ತಡ.

ಮೂಲೆಮನೆ
ನನಗೆ ತಲೆ ತಿರುಗೋದು ಅದೇ ಮೇಷ್ಟ್ರೇ. ಮೇಯರ್ ಆಯ್ಕೆಯಲ್ಲಿ ಎಂಪಿಗೆ ಏನು ಕೆಲಸ? ನಾನು ಎಂಪಿಗೆ ವೋಟು ಹಾಕಿದ್ದು ದಿಲ್ಲಿಗೆ ಹೋಗಲಿ ಅಂತ.

ಸಂಜೆವಾಕಿಂಗ್
ಹೋಗೋಕೆ ಪುರಸೊತ್ತಿಲ್ಲದವರು ಇಲ್ಲಿ ಕೈ ಎತ್ತುತ್ತಾರೆ.

ಕಿಟಕಿಸೀಟು
ನೇರ ಮೇಯರ್ ಬೇಕೇ ಬೇಕು. ಉತ್ತರಪ್ರದೇಶದಲ್ಲಿ ಇದೆ, ಮಧ್ಯಪ್ರದೇಶದಲ್ಲಿ ಇದೆ. ಲಕ್ನೋ, ಇಂದೋರ್ ಜನ ತಮ್ಮ ಮೇಯರಿಗೆ ತಾವೇ ಬಟನ್ ಒತ್ತುತ್ತಾರೆ. ನಮಗೆ ಯಾಕೆ ಇಲ್ಲ? ಒಂದು ವರ್ಷಕ್ಕೊಬ್ಬ ಮೇಯರ್ ಮಾಡಿದರೆ ಏನಾಗುತ್ತೆ ನೋಡಿದೆವಲ್ಲ. 2015ರಿಂದ 2020ರವರೆಗೆ ಐದು ಜನ. ಮಂಜುನಾಥ ರೆಡ್ಡಿ, ಪದ್ಮಾವತಿ, ಸಂಪತ್ ರಾಜ್, ಗಂಗಾಂಬಿಕೆ, ಗೌತಮ್ ಕುಮಾರ್. ಮೊದಲ ಮೂರು ತಿಂಗಳು ಸನ್ಮಾನ, ಹಾರ. ಕೊನೆ ಮೂರು ತಿಂಗಳು ಮುಂದಿನ ಮೇಯರ್ ಯಾರು ಅನ್ನೋ ಸುದ್ದಿ. ನಡುವೆ ಒಂದು ಬಜೆಟ್ ಓದಿದರೆ ಮುಗೀತು. ಕೌನ್ಸಿಲ್ ಹಾಲಲ್ಲಿ ಆ ಕೆಂಪು ಗೌನು ಹಾಕಿಕೊಂಡು ಕೂತಿದ್ದು ಬಿಟ್ಟರೆ ಅವರ ಕೈಗೆ ಸಿಕ್ಕಿದ್ದೇನು?

ಲೆಕ್ಕದಮೇಷ್ಟ್ರು
ಹೊಸ ಕಾನೂನಿನಲ್ಲಿ ಮೇಯರ್, ಉಪಮೇಯರ್ ಅವಧಿ 30 ತಿಂಗಳು. ಅಷ್ಟಾದರೂ ಸುಧಾರಿಸಿದೆ. ನೇರ ಆಯ್ಕೆ ಇಲ್ಲ.

ನೇರ ಆಯ್ಕೆ ಅಂದ ತಕ್ಷಣ ಎಲ್ಲಾ ಸರಿಹೋಗುತ್ತೆ ಅನ್ನಬೇಡಿ. ಶಿಮ್ಲಾದಲ್ಲಿ 2012ರಲ್ಲಿ ಹಾಗೆ ಮಾಡಿದರು. ಜನ ಸಿಪಿಎಂನವರನ್ನು ಮೇಯರ್, ಉಪಮೇಯರ್ ಎರಡಕ್ಕೂ ಆರಿಸಿದರು. ಅದೇ ಜನ ಅದೇ ದಿನ 25 ವಾರ್ಡಿನಲ್ಲಿ ಸಿಪಿಎಂಗೆ ಕೊಟ್ಟಿದ್ದು ಬರೀ 3. ಮೇಯರ್ ಒಂದು ಕಡೆ, ಸಭೆ ಇನ್ನೊಂದು ಕಡೆ. ಆಮೇಲೆ ನೇರ ಆಯ್ಕೆಯನ್ನೇ ತೆಗೆದುಹಾಕಿದರು. ಮಧ್ಯಪ್ರದೇಶದಲ್ಲಿ ಒಂದು ಸರ್ಕಾರ ತೆಗೆಯಿತು, ಮುಂದಿನದು ವಾಪಸ್ ತಂದಿತು. ಅವರವರಿಗೆ ಯಾವುದರಲ್ಲಿ ಲಾಭವೋ ಅದು.

ಕಿಟಕಿಸೀಟು
ಶಿಮ್ಲಾ ಉದಾಹರಣೆ ನನ್ನ ಪರವಾಗಿಯೇ ಇದೆಯಲ್ಲ ಮೇಷ್ಟ್ರೇ! ಜನಕ್ಕೆ ಮೇಯರ್ ಬೇರೆ, ಕೌನ್ಸಿಲರ್ ಬೇರೆ ಅಂತ ಗೊತ್ತಿತ್ತು. ಜಗಳ ಆಡಲಿ ಬಿಡಿ. ರೆಸಾರ್ಟಿಗೆ ಹೋಗೋದಕ್ಕಿಂತ ಸಭೆಯಲ್ಲಿ ಜಗಳ ಆಡೋದು ವಾಸಿ.

ಮೂರನೇಮಹಡಿ
ನೀವಿಬ್ಬರೂ ಗೌನು ಯಾರಿಗೆ ಅಂತ ಜಗಳ ಆಡುತ್ತಿದ್ದೀರಿ. ಜೇಬು ಯಾರದ್ದು ಅಂತ ಕೇಳಿ. ನೀರು ಜಲಮಂಡಳಿ, ಅದು 1964ರಿಂದ ಬೇರೆ. ಬಡಾವಣೆ ಬಿಡಿಎ, 1976ರಿಂದ ಬೇರೆ. ಬಸ್ಸು ಬೇರೆ, ಮೆಟ್ರೋ ಬೇರೆ, ಕರೆಂಟು ಬೇರೆ, ಟ್ರಾಫಿಕ್ ಪೊಲೀಸ್ ಬೇರೆ. ಪಾಲಿಕೆ ಒಳಗೂ ಸಹಿ ಹಾಕೋದು ಕಮಿಷನರ್, ಅವರನ್ನು ಕಳಿಸೋದು ರಾಜ್ಯ ಸರ್ಕಾರ. ಈಗ ಐದು ಪಾಲಿಕೆಗಳ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಅಂತ ಕೂತಿದೆ, ಅದರ ಅಧ್ಯಕ್ಷರು ಮುಖ್ಯಮಂತ್ರಿ. ಅಂದಮೇಲೆ ಮೇಯರ್ ಐವರಾದರೇನು, ಐವತ್ತಾದರೇನು.

ನಮ್ಮ ರಸ್ತೆಗೆ ಡಾಂಬರು ಹಾಕಿದ ಎಂಟನೇ ದಿನ ಪೈಪಿಗೆ ಅಗೆದರು. ಹಾಕಿದವರು ಒಬ್ಬರು, ಅಗೆದವರು ಇನ್ನೊಬ್ಬರು. ಇಬ್ಬರನ್ನೂ ಕರೆದು ಕೂರಿಸಿ ಕೇಳೋ ಅಧಿಕಾರ ಮೇಯರಿಗೆ ಇದ್ದರೆ ನಾನು ನೇರ ಆಯ್ಕೆಗೆ ಎರಡೂ ಕೈ ಎತ್ತುತ್ತೇನೆ.

ಗಿಣಿಶಾಸ್ತ್ರ
ಐದು ಮೇಯರ್ ಅಂದರೆ ಐದು ಗೌನು. ಟೈಲರ್‌ಗೆ ಒಳ್ಳೇ ಕಾಲ.

ಸಂಜೆವಾಕಿಂಗ್
ಒಂದು ಕಾಲಕ್ಕೆ ಇಲ್ಲಿ ಎರಡು ಮುನಿಸಿಪಾಲಿಟಿ ಇದ್ದವು, ಪೇಟೆಗೊಂದು, ದಂಡಿಗೊಂದು. 1949ರಲ್ಲಿ ಸೇರಿಸಿ ಒಂದು ಕಾರ್ಪೊರೇಷನ್ ಮಾಡಿದರು. ನಮ್ಮ ತಾತ ಕಂಟೋನ್ಮೆಂಟ್ ಕಡೆಗೆ ಹೋಗಿಬಂದರೆ "ದಂಡಿಗೆ ಹೋಗಿದ್ದೆ" ಅನ್ನುತ್ತಿದ್ದರು, ಬೇರೆ ಊರಿಗೆ ಹೋಗಿ ಬಂದವರ ಥರ. ಈಗ ಮತ್ತೆ ಒಡೆದರು. ಮೊಮ್ಮಕ್ಕಳು "ಈಸ್ಟ್‌ಗೆ ಹೋಗಿದ್ದೆ" ಅಂತಾರೋ ಏನೋ.

ವಿಷಯ ಎಲ್ಲೋ ಹೋಯಿತು. ನಮ್ಮ ಪಾರ್ಕಿನ ಗೇಟಿನ ಮೇಲೆ ಇನ್ನೂ ಹಳೇ ಕಾರ್ಪೊರೇಟರ್ ಹೆಸರಿದೆ. ಮಳೆಗೆ ಮೊದಲ ಎರಡು ಅಕ್ಷರ ಅಳಿಸಿಹೋಗಿ ಈಗ ಬೇರೆಯೇ ಹೆಸರಾಗಿದೆ. ಹೊಸದಾಗಿ ವಾಕಿಂಗ್ ಬರುವವರು ಅದೇ ಪಾರ್ಕಿನ ಹೆಸರು ಅಂದುಕೊಂಡಿದ್ದಾರೆ.

ಸೊನ್ನೆವೋಟು
😂 ನಮ್ಮ ಕಡೆ ಸಿಮೆಂಟ್ ಬೆಂಚಿನ ಮೇಲೆ ಶಾಸಕರ ಅನುದಾನ ಅಂತ ಇದೆ. ಬೆಂಚು ಎರಡು ತುಂಡಾಗಿದೆ. "ಶಾಸಕರ" ಒಂದು ಕಡೆ, "ಅನುದಾನ" ಇನ್ನೊಂದು ಕಡೆ.

ರಂಗೋಲಿಪುಡಿ
ಮಹಿಳಾ ಮೀಸಲಾತಿ ಬಗ್ಗೆ ಯಾರೂ ಮಾತಾಡಲಿಲ್ಲ. ಅರ್ಧ ಸೀಟು ಹೆಂಗಸರಿಗೆ. ಆದರೆ ಪೋಸ್ಟರಲ್ಲಿ ಹೆಂಡತಿ ಫೋಟೋ ಸ್ಟಾಂಪ್ ಸೈಜು, ಗಂಡನದ್ದು ಆಳೆತ್ತರ. ಫೋನ್ ಮಾಡಿದರೆ ಎತ್ತೋದೂ ಗಂಡನೇ.

ಕಹಿಬೇವು
ಅದಕ್ಕೇ ಹೇಳಿದ್ದು, ನಾಟಕ.

ರಂಗೋಲಿಪುಡಿ
@ಕಹಿಬೇವು ನಾನು ಪೂರ್ತಿ ಹೇಳಿಲ್ಲ ಇನ್ನೂ, ತಾಳಿ. ನಮ್ಮ ವಾರ್ಡಲ್ಲೂ ಹಾಗೇ ಶುರುವಾಯಿತು. ಗಂಡ ಸೀಟಿಗೋಸ್ಕರ ನಿಲ್ಲಿಸಿದ. ಮೊದಲ ವರ್ಷ ಆಕೆ ಸಭೆಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಒಂದು ರಾತ್ರಿ ಜೋರು ಮಳೆ, ರಾಜಕಾಲುವೆ ಉಕ್ಕಿ ನಮ್ಮ ಹಿಂದಿನ ಬೀದಿ ಮನೆಗಳಿಗೆ ನೀರು. ಗಂಡ ಊರಲ್ಲಿ ಇರಲಿಲ್ಲ. ಆಕೆ ನೈಟಿ ಮೇಲೆ ಒಂದು ಟವೆಲ್ ಹೊದ್ದುಕೊಂಡು, ಮೊಣಕಾಲುದ್ದ ನೀರಲ್ಲಿ ನಿಂತು, ಇಂಜಿನಿಯರಿಗೆ ಫೋನಲ್ಲಿ ಬೈದದ್ದು ಇದೆಯಲ್ಲ, ನಮ್ಮ ಬೀದಿ ಗಂಡಸರು ಇವತ್ತಿಗೂ ಅದನ್ನು ಉದ್ಧರಿಸುತ್ತಾರೆ. ಎರಡು ಗಂಟೆಗೆ ಪಂಪ್ ಬಂತು. ಅವತ್ತಿಂದ ಫೋನ್ ಅವರ ಕೈಯಲ್ಲೇ. ಮೀಸಲಾತಿ ಇಲ್ಲದಿದ್ದರೆ ಆಕೆ ಅವತ್ತು ಆ ನೀರಲ್ಲಿ ಬರೀ ಪಾತ್ರೆ ಎತ್ತಿಡುತ್ತಿದ್ದರು.

ಮುಂದಿನ ಸಲ ಮೀಸಲಾತಿ ಬದಲಾಗುತ್ತೆ, ಆಕೆಗೆ ಟಿಕೆಟ್ ಸಿಗಲ್ಲ. ಅದು ಬೇರೆ ಹೊಟ್ಟೆ ಉರಿ.

ಅಜ್ಜಿಮೊಮ್ಮಗ
ಇದು ಓದಿ ಖುಷಿಯಾಯಿತು. ನಮ್ಮ ಅಜ್ಜಿಗೆ ಓದಿ ಹೇಳಿದೆ. "ಅವ್ಳಿಗೆ ನಾ ವೋಟ್ ಹಾಕ್ತೀನಿ" ಅಂದಳು. ವಾರ್ಡ್ ಬೇರೆ ಅಂದರೆ ಕೇಳುತ್ತಿಲ್ಲ.

ಕಹಿಬೇವು
ಸರಿ, ಒಬ್ಬರು ಒಳ್ಳೆಯವರು ಇದ್ದರು ಅಂತ ಒಪ್ಪಿದೆ. 198ರಲ್ಲಿ ಒಬ್ಬರು.

ಮೂರನೇಮಹಡಿ
ಈಗ 369. ಎರಡು ಆಗಬಹುದು.

ನೀಲಿಡಬ್ಬ
ವಾರ್ಡ್ ಜಾಸ್ತಿ ಆಗಿದ್ದು ಒಳ್ಳೇದೇ ಅಲ್ವಾ? 2011ರ ಜನಗಣತಿ ಲೆಕ್ಕ ಹಿಡಿದರೆ ಹಳೇ 198 ವಾರ್ಡಲ್ಲಿ ಒಬ್ಬ ಕಾರ್ಪೊರೇಟರಿಗೆ ಸರಾಸರಿ 42 ಸಾವಿರ ಜನ. 369ಕ್ಕೆ ಹಂಚಿದರೆ ಸುಮಾರು 23 ಸಾವಿರ. ಈಗ ಜನ ಎಷ್ಟೋ ಜಾಸ್ತಿ ಆಗಿದ್ದಾರೆ, ಆದರೂ ವಾರ್ಡು ಚಿಕ್ಕದಾದಷ್ಟು ಅವನ ಮನೆ ನಮ್ಮ ನಡಿಗೆಯಲ್ಲೇ ಇರುತ್ತೆ.

ವಾರ್ಡ್ ಸಮಿತಿ ಸಭೆಗೆ ನಾನು ಹೋಗುತ್ತಿದ್ದೆ. ತಿಂಗಳಿಗೊಂದು ಸಭೆ. ಮೊದಲ ಸಭೆಗೆ 30 ಜನ ಬಂದಿದ್ದರು, ಬಿಸಿ ಬಿಸಿ ವಾದ. ನಾಲ್ಕನೇದಕ್ಕೆ ನಾವು ಐವರು, ಒಬ್ಬರು ಫ್ಯಾನ್ ಕೆಳಗೆ ನಿದ್ದೆ. ಆದರೂ ಕಸದ ಗಾಡಿ ಬರೋ ಹೊತ್ತನ್ನು ನಾವು ಐವರೇ ಬದಲಿಸಿದೆವು. ಮುಂಚೆ ಒಂಬತ್ತಕ್ಕೆ ಬರುತ್ತಿತ್ತು, ಎಲ್ಲರೂ ಆಫೀಸಿಗೆ ಹೋದಮೇಲೆ. ಏಳಕ್ಕೆ ಮಾಡಿಸಿದೆವು. ಇಷ್ಟೇ ಸಾಧನೆ, ನಗಬೇಡಿ. ಕೌನ್ಸಿಲ್ ಹೋದಮೇಲೆ ಅಧಿಕಾರಿ ಸಭೆ ನಡೆಸಿದರು, ಎರಡೇ ತಿಂಗಳಿಗೆ ನಾನೂ ಬಿಟ್ಟೆ. ಅವರು ಎಲ್ಲಾ ಬರೆದುಕೊಳ್ಳುತ್ತಿದ್ದರು. ಬರೆದುಕೊಂಡು ಹೋಗುತ್ತಿದ್ದರು.

ಕಿಟಕಿಸೀಟು
"ಬರೆದುಕೊಂಡು ಹೋಗುತ್ತಿದ್ದರು" 👏

ಗಿಣಿಶಾಸ್ತ್ರ
ಬೇರೆ ಊರಲ್ಲೂ ಇದೇ ಹಣೆಬರಹವಾ, ನಮ್ಮದೇ ವಿಶೇಷವಾ?

ಲೆಕ್ಕದಮೇಷ್ಟ್ರು
ಚೆನ್ನೈ ಕೌನ್ಸಿಲ್ 2016ರಲ್ಲಿ ಮುಗಿದು ಚುನಾವಣೆ ಆಗಿದ್ದು ಫೆಬ್ರವರಿ 2022ಕ್ಕೆ. ಮುಂಬೈ 2017ರಲ್ಲಿ ಆರಿಸಿದ ಕೌನ್ಸಿಲ್ ಮಾರ್ಚ್ 2022ಕ್ಕೆ ಮುಗಿಯಿತು, ಮುಂದಿನ ವೋಟು ಜನವರಿ 2026. ದೇಶದ ದೊಡ್ಡ ದೊಡ್ಡ ಊರುಗಳೇ ಹೀಗೆ. ಗ್ರಾಮ ಪಂಚಾಯಿತಿ ಇಷ್ಟು ವರ್ಷ ಖಾಲಿ ಇಟ್ಟಿದ್ದರೆ ಹಳ್ಳಿಯವರು ತಾಲೂಕು ಕಚೇರಿ ಮುಂದೆ ಕೂರುತ್ತಿದ್ದರು.

ರಂಗೋಲಿಪುಡಿ
ನಾವು ಕೂರಲಿಲ್ಲ ಯಾಕೆ ಅಂದರೆ ನಮಗೆ ಗೊತ್ತೇ ಆಗಲಿಲ್ಲ. 2015ರಲ್ಲೇ ವೋಟು ಹಾಕಿದ್ದು ಅರ್ಧ ಊರು ಮಾತ್ರ. ಅವತ್ತು ಶನಿವಾರ ಬೇರೆ. ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಶುಕ್ರವಾರ ರಾತ್ರಿಯೇ ಖಾಲಿ. ಎಲ್ಲರೂ ಕೂರ್ಗ್.

ನೀಲಿಡಬ್ಬ
ಅದು ಪೂರ್ತಿ ನ್ಯಾಯ ಅಲ್ಲ. ಪಟ್ಟಿಯಲ್ಲಿ ಸತ್ತವರು, ಊರು ಬಿಟ್ಟವರು, ಎರಡೆರಡು ಸಲ ಇರುವವರು ಎಷ್ಟು ಜನ! ಶೇಕಡಾವಾರು ತೆಗೆಯುವಾಗ ಅವರೂ ಲೆಕ್ಕಕ್ಕೆ ಬರುತ್ತಾರೆ. ಬಾಡಿಗೆಯವರು ಮನೆ ಬದಲಿಸಿದಾಗ ಹೆಸರು ಹಳೇ ಕಡೆಯೇ ಉಳಿಯುತ್ತೆ. ನಾನೇ ಐದು ವರ್ಷದಲ್ಲಿ ಮೂರು ಮನೆ ಬದಲಿಸಿದೆ.

@ಸೊನ್ನೆವೋಟು ನಿಮಗೊಂದು ಮಾತು. ವೋಟರ್ ಐಡಿ ಕಾರ್ಡ್ ಇದೆ ಅಂತ ಸುಮ್ನೆ ಇರಬೇಡಿ. ಪಾಲಿಕೆ ಚುನಾವಣೆ ನಡೆಸೋದು ರಾಜ್ಯ ಚುನಾವಣಾ ಆಯೋಗ, ಲೋಕಸಭೆ ನಡೆಸುವವರು ಅಲ್ಲ. ಅವರು ವಿಧಾನಸಭೆ ಪಟ್ಟಿಯನ್ನೇ ವಾರ್ಡ್ ವಾರ್ಡಾಗಿ ವಿಂಗಡಿಸುತ್ತಾರೆ. ವಿಂಗಡಿಸುವಾಗ ನಿಮ್ಮ ಬೀದಿಯ ಅರ್ಧ ಪಕ್ಕದ ವಾರ್ಡಿಗೆ ಹೋಗಿರಬಹುದು. ಕರಡು ಪಟ್ಟಿ ಬಂದಾಗಲೇ ನೋಡಿ. ವೋಟಿನ ದಿನ ಬೂತಿನ ಮುಂದೆ ಕಿರುಚಿದರೆ ಪೊಲೀಸಪ್ಪ ನೀರು ಕೊಡುತ್ತಾನೆ, ಅಷ್ಟೇ.

ಸೊನ್ನೆವೋಟು
ನೋಡಿದೆ. ನನ್ನದು, ಅಮ್ಮನದು ಒಂದು ಕಡೆ ಇದೆ. ಅಪ್ಪನ ಹೆಸರೇ ಸಿಗುತ್ತಿಲ್ಲ. ಅಪ್ಪ ಈಗ "ನಾನು ಬದುಕಿಲ್ಲ ಬಿಡು, ಟೀ ಕೊಡು" ಅಂತ ಕೂತಿದ್ದಾರೆ.

ಸಂಜೆವಾಕಿಂಗ್
ಅಪ್ಪನ ಹೆಸರನ್ನು ಇನ್ಶಿಯಲ್ ಬಿಟ್ಟು ಹುಡುಕಿ. ನಮ್ಮದು ಹಾಗೇ ಸಿಕ್ಕಿತು. ಕನ್ನಡದಲ್ಲಿ "ವೆಂಕಟ" ಒಂದು ಕಡೆ, "ವೆಂಕಟ್" ಇನ್ನೊಂದು ಕಡೆ ಮಾಡಿದ್ದರು.

ಸೊನ್ನೆವೋಟು
ಸಿಕ್ಕಿತು!! ಅಪ್ಪ ಬದುಕಿದ್ದಾರೆ. ಆದರೆ ವಯಸ್ಸು 31 ಅಂತ ಇದೆ.

ಕಹಿಬೇವು
ಸರಿಪಡಿಸಬೇಡಿ, ಹಾಗೇ ಇರಲಿ ಅಂತ ಹೇಳಿ ಅವರಿಗೆ.

ಮೂಲೆಮನೆ
ನಾನೂ ನಮ್ಮ ಮನೆಯದು ನೋಡಿದೆ. ಹಳೇ ಚೀಟಿಯಲ್ಲಿದ್ದ ವಾರ್ಡ್ ನಂಬರೂ ಇಲ್ಲ, ಹೆಸರೂ ಇಲ್ಲ, ಅದು ನಿರೀಕ್ಷಿಸಿದ್ದೆ. ಅದಕ್ಕಿಂತ ಮಜಾ ಇನ್ನೊಂದು. ನಮ್ಮ ರಸ್ತೆಯೇ ಗಡಿ. ನಾನು ಒಂದು ಪಾಲಿಕೆ, ಎದುರು ಮನೆಯವರು ಇನ್ನೊಂದು ಪಾಲಿಕೆ. 22 ವರ್ಷದಿಂದ ಒಂದೇ ಕಸದ ಗಾಡಿಗೆ ಕಾಯುತ್ತಾ ಮಾತಾಡಿದವರು ನಾವು. ಈಗ ಅವರಿಗೆ ಬೇರೆ ಮೇಯರ್, ನಮಗೆ ಬೇರೆ ಮೇಯರ್. ಅವರು ನಿನ್ನೆ ಗೇಟಲ್ಲಿ ನಿಂತು "ಏನ್ ಸಾರ್, ಫಾರಿನ್ನಿಂದ ಯಾವಾಗ ಬಂದ್ರಿ" ಅಂದರು.

ಈಗ ಪ್ರಶ್ನೆ ಏನಪ್ಪಾ ಅಂದರೆ, ರಸ್ತೆ ತಿರುವಿನಲ್ಲಿ ಸರಿಯಾಗಿ ಮಧ್ಯಕ್ಕೆ ಒಂದು ಲೈಟ್ ಕಂಬ ಇದೆ. ಅದು ಯಾರದ್ದು?

ಲೆಕ್ಕದಮೇಷ್ಟ್ರು
ಅಧಿಸೂಚನೆಯಲ್ಲಿ ಗಡಿ ರಸ್ತೆಯ ಯಾವ ಬದಿ ಅಂತ ಬರೆದಿರುತ್ತಾರೆ, ನೋಡಿ.

ಮೂಲೆಮನೆ
"ರಸ್ತೆಯ ಉದ್ದಕ್ಕೂ ಸಾಗಿ" ಅಂತ ಇದೆ. ಕಂಬ ಹತ್ತಿ ಸಾಗಬೇಕೋ ಇಳಿದು ಸಾಗಬೇಕೋ ಹೇಳಿಲ್ಲ.

ಗಿಣಿಶಾಸ್ತ್ರ
ಬಲ್ಬು ಯಾವ ಕಡೆ ವಾಲಿದೆ? ಬೆಳಕು ಬೀಳೋ ಕಡೆಯವರದ್ದು.

ಮೂಲೆಮನೆ
ಬೆಳಕು ಬಿದ್ದರೆ ತಾನೇ. ದೀಪಾವಳಿಗೆ ಮುಂಚೆಯೇ ಹೋಗಿದೆ.

ಅಜ್ಜಿಮೊಮ್ಮಗ
ಇಬ್ಬರು ಕಾರ್ಪೊರೇಟರ್ ಬಂದಮೇಲೆ ಇಬ್ಬರ ಮನೆಗೂ ಹೋಗಿ. ಬೇಕಿದ್ದರೆ ನಮ್ಮ ಅಜ್ಜಿನ ಕಳಿಸುತ್ತೇನೆ.